ಟ್ಯಾನ್ಸಿ ಚೆನ್ನಾಗಿದ್ದಾಳೆ

ಹೈ ಬಿರ್ಕ್ಸ್ ಫಾರ್ಮ್
೩ ಡಿಸೆಂಬರ್ ೧೯೩೯

ನಾರ್ತ್‌ಡೇಲ್ ಯೋಮನ್ರಿ ಕುದುರೆಪಡೆಯ ಲಾಳಗಾರರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ದಂಡಿಗೆ ಕುದುರೆ ಹಿಡಿಯಲು ನಮ್ಮ ಅಂಗಳಕ್ಕೆ ಬಂದವರಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವರು ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕ್ಯಾಪ್ಟನ್ ಸಾಹೇಬರು ನನ್ನ ಹೆಣ್ಣು ಕುದುರೆಯ ಬೆನ್ನು ತಟ್ಟಿ, "ದೇಶಕ್ಕೆ ನಿಮ್ಮ ಕಾಣಿಕೆ ಇದು, ಮಿಸ್ ಕೀರ್ಟನ್" ಅಂದರು. ಕಾಣಿಕೆ ಅಂದರೆ ನಾವಾಗಿ ಕೊಡುವುದು ಅಂತ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ.

ಅವಳ ಹೆಸರು ಟ್ಯಾನ್ಸಿ. ಕಂದು ಮೈ, ಹಣೆಯ ಮೇಲೆ ಚೂರು ಬಿಳಿ. ಹುಟ್ಟಿದ ರಾತ್ರಿ ಒಣಹುಲ್ಲಿನಿಂದ ಮೈ ಉಜ್ಜಿ ಎಬ್ಬಿಸಿ ನಿಲ್ಲಿಸಿದವಳು ನಾನು. ಎಡಗಡೆಯ ಮುಂಗಾಲಿನ ಗೊರಸು ಮೃದು, ಅಲ್ಲಿ ಮೊಳೆ ನಿಲ್ಲುವುದಿಲ್ಲ. ಬಾತುಕೋಳಿ ಕಂಡರೆ ಆಗುವುದಿಲ್ಲ. ನೀರು ಕುಡಿಯುವಾಗ ಯಾರೂ ಮಾತಾಡಬಾರದು.

ನಮ್ಮಜ್ಜನೂ ನಿಮ್ಮ ಪಡೆಯಲ್ಲಿದ್ದ. ವರ್ಷಕ್ಕೆ ಹದಿನೈದು ದಿನ ಸಿಪಾಯಿ, ಉಳಿದ ದಿನ ಕುರಿ ಕಾಯುವವನು. ಬೇಸಿಗೆಯ ಶಿಬಿರಕ್ಕೆ ಸ್ವಂತ ಕುದುರೆ ಹತ್ತಿ ಹೋಗುತ್ತಿದ್ದ, ಬೀರು ಕುಡಿದು ಬರುವಾಗ ಕುದುರೆಯೇ ಅವನನ್ನು ಮನೆ ಮುಟ್ಟಿಸುತ್ತಿತ್ತು. ಅಂಥ ಪಡೆಯನ್ನು ನಿಜವಾದ ಯುದ್ಧಕ್ಕೆ ಕರೆದುಕೊಂಡು ಹೋಗುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಟ್ಯಾನ್ಸಿ ಹೇಗಿದ್ದಾಳೆ? ಒಂದು ಸಾಲು ಬರೆದರೂ ಸಾಕು.

ಹೆಸ್ಟರ್ ಕೀರ್ಟನ್


ಶಿಬಿರ, ಇಂಗ್ಲೆಂಡ್
೩೦ ಡಿಸೆಂಬರ್ ೧೯೩೯

ಮಿಸ್ ಕೀರ್ಟನ್ ಅವರಿಗೆ,

ನನ್ನ ಹೆಸರು ವಿಲ್ಫ್ರೆಡ್ ಟೆನ್ನಂಟ್. ಪಡೆಯ ಲಾಳಗಾರ, ಈಚೆಗೆ ಸಾರ್ಜೆಂಟ್ ಮಾಡಿದ್ದಾರೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೊಗಳಿದ್ದೀರಿ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ, ಅಷ್ಟೇ.

ಟ್ಯಾನ್ಸಿ ಚೆನ್ನಾಗಿದ್ದಾಳೆ. ಎಡ ಮುಂಗಾಲಿಗೆ ಸಣ್ಣ ಮೊಳೆ ಹಾಕಿ ಕೊಂಚ ಮೇಲಕ್ಕೆ ಹೊಡೆದಿದ್ದೇನೆ, ಈಗ ನಿಂತಿದೆ. ಬಾತುಕೋಳಿಯ ವಿಷಯ ನಿಮ್ಮ ಕಾಗದಕ್ಕಿಂತ ಮೊದಲೇ ಗೊತ್ತಾಯಿತು. ಕರ್ನಲ್ ಸಾಹೇಬರ ಎದುರಿಗೇ ಗೊತ್ತಾಯಿತು. ಅವಳಿಗೆ ಏನೂ ಆಗಲಿಲ್ಲ, ಕರ್ನಲ್ ಸಾಹೇಬರಿಗೆ ಸ್ವಲ್ಪ ಕೆಸರಾಯಿತು.

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ನನಗೆ ಬರುವ ಕಾಗದಗಳು ಬಹಳ, ಎಲ್ಲಕ್ಕೂ ಸರದಿಯ ಪ್ರಕಾರ ಉತ್ತರ ಬರೆಯಬೇಕು.

ಕುದುರೆ ಇಲ್ಲದ ಲಾಯ ನೋಡಿಕೊಂಡು ಅಲ್ಲಿ ನೀವು ಹೇಗಿದ್ದೀರಿ? ಚಳಿ ಜೋರೇ?

ನಿಮ್ಮ ವಿಧೇಯ,
ವಿ. ಟೆನ್ನಂಟ್


ಹೈ ಬಿರ್ಕ್ಸ್
೧೭ ಮಾರ್ಚ್ ೧೯೪೦

ಸಾರ್ಜೆಂಟ್ ಟೆನ್ನಂಟ್ ಅವರಿಗೆ,

ನಿಮ್ಮ ಕಾಗದ ತಂದುಕೊಟ್ಟ ಅಂಚೆಯ ಡಾಲಿ ಪ್ರ್ಯಾಟ್ ಬಾಗಿಲಲ್ಲೇ ನಿಂತಳು, ಹೋಗಲಿಲ್ಲ. "ಯಾರ್ದೇ ಹೆಸ್ಟರ್ ಇದು, ಮಿಲಿಟರಿ ಮುದ್ರೆ?" ಅಂದಳು. ಕುದುರೆಯ ವಿಷಯ ಅಂದೆ. "ಓಹೋ, ಕುದ್ರೆ ಓದು ಬರಹ ಕಲಿತ್ಬಿಡ್ತಾ? ಒಳ್ಳೇದಾಯ್ತು ಬಿಡು, ನಮ್ ಹುಡುಗನಿಗಂತೂ ಬರ್ಲಿಲ್ಲ" ಅಂದು ನಕ್ಕು ಸೈಕಲ್ ಹತ್ತಿದಳು. ನೀವು ಅಷ್ಟೊಂದು ಜನಕ್ಕೆ ಬರೆಯುವ ನಡುವೆ ನನಗೂ ಬರೆದದ್ದು ಉಪಕಾರವಾಯಿತು. ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ, ಟ್ಯಾನ್ಸಿಯ ವಿಷಯ ಬಿಟ್ಟು ಬೇರೇನೂ ಕೇಳುವುದಿಲ್ಲ.

ನಿಮ್ಮನ್ನು ಹಡಗಿಗೆ ಹತ್ತಿಸಿದರೆಂದು ಊರಲ್ಲಿ ಸುದ್ದಿ. ಕುದುರೆಗೆ ವಾಂತಿ ಬರುವುದಿಲ್ಲ, ಅದಕ್ಕೇ ಸಮುದ್ರದಲ್ಲಿ ಸಾಯುತ್ತವೆ ಎಂದು ಅಜ್ಜ ಹೇಳುತ್ತಿದ್ದ. ಹಡಗಿನ ಸುದ್ದಿ ಕೇಳಿದಂದಿನಿಂದ ನನಗೆ ನಿದ್ದೆ ಇಲ್ಲ. ಅವಳು ದಡ ಮುಟ್ಟಿದಳೇ? ಮೇವು ಏನು? ನೀರು ಸಿಹಿಯೇ?

ಹೆಸ್ಟರ್ ಕೀರ್ಟನ್


ಮಧ್ಯಪ್ರಾಚ್ಯದಲ್ಲಿ ಎಲ್ಲೋ
೨೨ ಮೇ ೧೯೪೦

ಮಿಸ್ ಕೀರ್ಟನ್ ಅವರಿಗೆ,

ಟ್ಯಾನ್ಸಿ ಚೆನ್ನಾಗಿದ್ದಾಳೆ. ಮೊದಲು ಅದನ್ನೇ ಬರೆದೆ, ಇನ್ನು ನಿಧಾನವಾಗಿ ಓದಿ.

ನಿಮ್ಮಜ್ಜ ಹೇಳಿದ್ದು ಸುಳ್ಳಲ್ಲ. ಬಿರುಗಾಳಿಯಲ್ಲಿ ಕೆಲವು ಕುದುರೆಗಳು ಹೋದವು. ಹಡಗಿನ ಕೆಳ ಅಂತಸ್ತಿನಲ್ಲಿ ಅವಳ ಪಕ್ಕದಲ್ಲೇ ಬಕೆಟ್ ಬೋರಲು ಹಾಕಿಕೊಂಡು ಕುಳಿತಿದ್ದೆ. ಅವಳಿಗೆ ಏನೂ ಆಗಲಿಲ್ಲ, ಬಕೆಟ್ ಬೇಕಾದದ್ದು ನನಗೆ. ನಾನು ವಾಂತಿ ಮಾಡುವಾಗೆಲ್ಲ ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು, ಬಹಳ ಮರ್ಯಾದಸ್ಥೆ.

ಇಲ್ಲಿ ಕಲ್ಲು, ಬಿಸಿಲು, ಆಲಿವ್ ಮರ. ದಿನವೂ ಗುಡ್ಡ ಸುತ್ತುತ್ತೇವೆ. ಸಂಜೆ ತುತ್ತೂರಿ ಊದಿದೊಡನೆ ಮೈ ಉಜ್ಜಿ, ನೀರು ತೋರಿಸಿ, ಮೇವು ಹಾಕಬೇಕು. ಮೊದಲು ಕುದುರೆ ಊಟ, ಆಮೇಲೆ ಮನುಷ್ಯನ ಊಟ, ಅದು ನಮ್ಮಲ್ಲಿ ಮುರಿಯುವಂತಿಲ್ಲದ ಪದ್ಧತಿ. ಹಸಿದ ಸವಾರ ಹಸಿದ ಕುದುರೆಯನ್ನು ಮರೆಯುವುದಿಲ್ಲವಂತೆ. ನಮ್ಮ ಸವಾರರು ಎಲ್ಲವನ್ನೂ ಮರೆಯಬಲ್ಲರು, ಆದ್ದರಿಂದ ಈ ಪದ್ಧತಿ ಒಳ್ಳೆಯದೇ.

ನೀವು ಹೇಗಿದ್ದೀರಿ? ನೀವು ನಿಮ್ಮ ವಿಷಯ ಬರೆಯಲೇ ಇಲ್ಲ. ಮರಿ ಹಾಕುವ ಕಾಲದಲ್ಲಿ ಕುರಿಗಳ ಹತ್ತಿರ ನೀವೊಬ್ಬರೇ ಇದ್ದಿರೇ?

ವಿ. ಟೆನ್ನಂಟ್


ಹೈ ಬಿರ್ಕ್ಸ್
೧೦ ನವೆಂಬರ್ ೧೯೪೦

ಸಾರ್ಜೆಂಟ್ ಟೆನ್ನಂಟ್ ಅವರಿಗೆ,

ಅವಳು ಮುಖ ತಿರುಗಿಸಿದ್ದು ಮರ್ಯಾದೆಗಲ್ಲ, ಹೊಟ್ಟೆಕಿಚ್ಚಿಗೆ. ಬೇರೆಯವರಿಗೆ ಬಕೆಟ್ ಕೊಟ್ಟರೆ ಅವಳಿಗೆ ಸಹಿಸುವುದಿಲ್ಲ. ಬಿಸಿಲಿನಲ್ಲಿ ಅವಳ ಮೂಗಿನ ತುದಿ ಸುಲಿಯುತ್ತದೆ, ಹಂದಿ ಕೊಬ್ಬು ಹಚ್ಚಿ. ಅಲ್ಲಿ ಹಂದಿ ಸಿಗದಿದ್ದರೆ ಕುರಿಯದು ಹಚ್ಚಿ.

ಇಲ್ಲಿ ವಿಶೇಷವೇನಿಲ್ಲ. ಬಾಂಬಿನ ವಿಮಾನಗಳಿಗೆ ಬೆಳಕು ಕಾಣದಂತೆ ರಾತ್ರಿ ಕಿಟಕಿಗಳಿಗೆ ಕಪ್ಪು ಬಟ್ಟೆ. ಕಣಿವೆಯಲ್ಲಿ ದೀಪ ಕಾಣದೆ ಅಕ್ಕಪಕ್ಕದ ಮನೆಗಳು ಇವೆಯೋ ಇಲ್ಲವೋ ಅನ್ನಿಸುತ್ತದೆ. ಲಾಯದ ಬಾಗಿಲು ಹಾಕುವುದನ್ನು ಮರೆತು ಒಮ್ಮೊಮ್ಮೆ ಅಲ್ಲೇ ನಿಂತಿರುತ್ತೇನೆ. ಅದಿರಲಿ, ನಿಮಗೆ ಓದಲು ಇದಕ್ಕಿಂತ ಚೆನ್ನಾಗಿರುವ ಕಾಗದಗಳು ಬರುತ್ತಿರಬಹುದು.

ಟ್ಯಾನ್ಸಿಗೆ ಚಳಿಗಾಲದ ಕೂದಲು ಬಂತೇ? ಯಾರು ಏರುತ್ತಾರೆ ಅವಳನ್ನು? ಲಗಾಮು ಜಗ್ಗುವವನಾದರೆ ಅವನಿಗೆ ನನ್ನ ಹೆಸರು ಹೇಳಿ ಒಂದು ಬಿಗಿಯಿರಿ.

ಹೆಸ್ಟರ್ ಕೀರ್ಟನ್


ಮಧ್ಯಪ್ರಾಚ್ಯ
೨೬ ಫೆಬ್ರವರಿ ೧೯೪೧

ಮಿಸ್ ಕೀರ್ಟನ್ ಅವರಿಗೆ,

ಟ್ಯಾನ್ಸಿ ಚೆನ್ನಾಗಿದ್ದಾಳೆ. ಅವಳನ್ನು ಏರುವವನು ನಿಮ್ಮ ಕಣಿವೆಯವನೇ, ನೆಡ್ ಐವ್ಸನ್. ನೀವು ಹೇಳಿದಿರೆಂದು ಭುಜಕ್ಕೊಂದು ಬಿಗಿದೆ. "ಹೆಸ್ಟರ್ ಕೀರ್ಟನ್ ಕೈಯಲ್ಲಿ ಚಿಕ್ಕೋನಿದ್ದಾಗ್ಲೇ ತಿಂದಿದೀನಿ ಸಾರ್ಜೆಂಟ್, ನಿಮ್ದು ಏನೂ ಅಲ್ಲ" ಅಂದ.

ಒಂದು ಸುದ್ದಿ ಗಾಳಿಯಲ್ಲಿದೆ. ನಮ್ಮ ಕುದುರೆಗಳನ್ನು ತೆಗೆದು ಯಂತ್ರ ಕೊಡುತ್ತಾರಂತೆ. ಕರ್ನಲ್ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾತಾಡಿದರು. ನೂರೈವತ್ತು ವರ್ಷದ ಹಿಂದೆ ಫ್ರೆಂಚರು ಬರುತ್ತಾರೆಂದು ರೈತರೇ ಕಟ್ಟಿದ ಪಡೆ, ಫ್ರೆಂಚರು ಬರಲಿಲ್ಲ ಆದರೂ ಪಡೆ ಉಳಿಯಿತು, ಆಫ್ರಿಕಕ್ಕೆ ಹೋಯಿತು, ಹೋದ ಯುದ್ಧದಲ್ಲಿ ಇದೇ ಮರಳಲ್ಲಿ ಕತ್ತಿ ಹಿಡಿದು ಓಡಿತು, ಇನ್ನು ಮುಂದೆಯೂ ನಾವು ಕುದುರೆಪಡೆಯೇ, ಕುದುರೆ ಮಾತ್ರ ಇರುವುದಿಲ್ಲ ಎಂದರು. ಆಮೇಲೆ ಟೋಪಿ ಸರಿಮಾಡಿಕೊಂಡರು.

ಕುದುರೆ ಇಲ್ಲದ ಪಡೆಯಲ್ಲಿ ಲಾಳಗಾರನಿಗೆ ಏನು ಕೆಲಸವೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಲಾಯದ ಬಾಗಿಲಲ್ಲಿ ಹಾಗೆ ನಿಲ್ಲಬೇಡಿ, ಶೀತವಾಗುತ್ತದೆ. ನೀವು ಹೇಗಿದ್ದೀರಿ?

ವಿ. ಟೆನ್ನಂಟ್


ಮಧ್ಯಪ್ರಾಚ್ಯ
೪ ಆಗಸ್ಟ್ ೧೯೪೧

ಮಿಸ್ ಕೀರ್ಟನ್ ಅವರಿಗೆ,

ಟ್ಯಾನ್ಸಿ ಚೆನ್ನಾಗಿದ್ದಾಳೆ.

ಗಾಳಿಸುದ್ದಿ ನಿಜವಾಯಿತು, ಪಡೆಗೆ ಟ್ಯಾಂಕು ಬರುತ್ತಿವೆ. ಆದರೆ ಗುಡ್ಡದ ಕಾವಲಿಗೆಂದು ಕೆಲವು ಒಳ್ಳೆಯ ಕುದುರೆಗಳನ್ನು ಉಳಿಸಿಕೊಂಡಿದ್ದಾರೆ. ಟ್ಯಾನ್ಸಿ ಅದರಲ್ಲಿ ಒಬ್ಬಳು, ಅವುಗಳ ಜೊತೆ ನನ್ನನ್ನೂ ಇಟ್ಟಿದ್ದಾರೆ. ಆಲಿವ್ ಮರದ ನೆರಳಿದೆ, ಬಾವಿಯ ನೀರು ಸಿಹಿ. ಮೂಗಿಗೆ ಕುರಿಯ ಕೊಬ್ಬು ಹಚ್ಚುತ್ತೇನೆ. ಸಂಜೆ ಅವಳು ನನ್ನ ಜೇಬಿಗೆ ಮೂಗು ತೂರಿಸಿ ಸಕ್ಕರೆ ಹುಡುಕುತ್ತಾಳೆ.

ನೀವು ನಿಶ್ಚಿಂತೆಯಾಗಿರಿ. ಹೇಗಿದ್ದೀರಿ, ಬರೆಯಿರಿ.

ವಿ. ಟೆನ್ನಂಟ್


(ಅದೇ ದಿನ ಬರೆದದ್ದು, ಅಂಚೆಗೆ ಹಾಕಲಿಲ್ಲ)

ಮಿಸ್ ಕೀರ್ಟನ್,

ಟ್ಯಾನ್ಸಿ ಇಲ್ಲ. ಮಂಗಳವಾರ ಬೆಳಿಗ್ಗೆ ಹೋದಳು. ನಾನೇ ಕಳಿಸಿದೆ.

ಎಳೆಯ ಕುದುರೆಗಳನ್ನು ಬೇರೆ ದಂಡಿಗೆ ಸಾಗಿಸಿದರು. ಕಾಲು ನೆಟ್ಟಗಿಲ್ಲದವನ್ನು ಊರವರಿಗೆ ಮಾರಬಾರದು, ಗುಂಡು ಹಾಕಬೇಕೆಂದು ಆಜ್ಞೆ. ಹೋದ ಯುದ್ಧದ ನಂತರ ಮಾರಿಬಿಟ್ಟ ಕುದುರೆಗಳು ಕಲ್ಲಿನ ಗಾಡಿ ಎಳೆದು ಸತ್ತವಂತೆ, ಅದು ಮತ್ತೆ ಆಗಬಾರದಂತೆ. ಪಶುವೈದ್ಯರು ಅವಳ ಎಡ ಮುಂಗಾಲು ಎತ್ತಿ ನೋಡಿದರು. ನಾನು ಎರಡು ವರ್ಷ ಸರಿಯಾಗಿ ಇಟ್ಟಿದ್ದ ಕಾಲು ಅದು. "ಇದು ಬೇಡ ಟೆನ್ನಂಟ್" ಅಂದರು.

ಈ ಕೆಲಸ ಲಾಳಗಾರನದೇ. ಬೇರೆಯವನ ಕೈಗೆ ಕೊಡಬಹುದಿತ್ತು, ಆದರೆ ಅವಳಿಗೆ ಗುರುತಿಲ್ಲದವನು ಎಡಗಡೆಯಿಂದ ಬಂದರೆ ಬೆದರುತ್ತಾಳೆ. ನೀರು ಕುಡಿಸಿದೆ, ನಾನು ಮಾತಾಡಲಿಲ್ಲ. ಗುಡ್ಡದ ಹಿಂದಕ್ಕೆ ಕರೆದರೆ ಹುಲ್ಲಿಗೆ ಕರೆದಂತೆ ಬಂದಳು. ಆಮೇಲೆ ಪದ್ಧತಿಯ ಪ್ರಕಾರ, ಕಾದ ಕಬ್ಬಿಣದಿಂದ ದಂಡಿನ ನಂಬರ್ ಒತ್ತಿದ್ದ ಗೊರಸನ್ನು ಕಡಿದು ಒಪ್ಪಿಸಬೇಕು. ಕುದುರೆಯನ್ನು ಯಾರೂ ಕದ್ದು ಮಾರಿಲ್ಲವೆಂಬುದಕ್ಕೆ ಸಾಕ್ಷಿ ಅದು. ಒಪ್ಪಿಸಿದೆ.

ಕಾಗದಗಳನ್ನು ಓದಿ ಮುದ್ರೆ ಹಾಕುವವರು ಕ್ಯಾಪ್ಟನ್ ಲಾಂಗ್‌ಸ್ಟಾಫ್. ಬೆಳಿಗ್ಗೆ ನಿಮಗೆ ಬರೆದದ್ದನ್ನು ಅವರು ಓದಿದರು. "ಕುದ್ರೆ ಚೆನ್ನಾಗಿದೆ ಅಂತ ಬರ್ದಿದೀಯಲ್ಲ ಟೆನ್ನಂಟ್?" ಅಂದರು. "ಹೌದು ಸರ್" ಅಂದೆ. ನನ್ನ ಮುಖವನ್ನೇ ನೋಡಿ, ಲಕೋಟೆಯನ್ನು ತಾವೇ ಅಂಟಿಸಿದರು.

ಬಹಳ ಕಾಗದ ಬರುತ್ತವೆ ಅಂದಿದ್ದೆ. ಒಂದೂ ಬರುವುದಿಲ್ಲ. ಅನಾಥಾಲಯದಿಂದ ಕುಲುಮೆಗೆ, ಕುಲುಮೆಯಿಂದ ದಂಡಿಗೆ ಬಂದವನು ನಾನು, ಬರೆಯುವವರು ಯಾರಿದ್ದಾರೆ? ನೀವು ಬರೆಯುವುದು ಟ್ಯಾನ್ಸಿಗೆ. ಅವಳು ಸತ್ತಳೆಂದರೆ ನೀವು ಮತ್ತೆ ಯಾಕೆ ಬರೆಯುತ್ತೀರಿ?


ಹೈ ಬಿರ್ಕ್ಸ್
೭ ಡಿಸೆಂಬರ್ ೧೯೪೧

ಸಾರ್ಜೆಂಟ್ ಟೆನ್ನಂಟ್ ಅವರಿಗೆ,

ಅವಳನ್ನು ಉಳಿಸಿದರೆಂದು ಓದಿ ಅಡುಗೆಮನೆಯಲ್ಲೇ ಕುಳಿತು ಅತ್ತೆ. ಡಾಲಿ ಗಾಬರಿಯಾಗಿ "ಯಾರ್ ಹೋದ್ರೇ?" ಅಂದಳು. ಯಾರೂ ಹೋಗಿಲ್ಲ, ಕುದುರೆ ಬದುಕಿದೆ ಅಂದೆ. "ಬದುಕಿರೋದಕ್ಕೂ ಅಳ್ತಾರಾ? ನಿಂಗೆ ಹುಚ್ಚು ಕಣೇ" ಅಂದು ತಾನೇ ಟೀ ಮಾಡಿಕೊಟ್ಟಳು.

ನಮ್ಮ ಗಿಡದ ಸೇಬನ್ನು ಕೊಯ್ದು ಒಣಗಿಸಿ ಈ ಪೊಟ್ಟಣದಲ್ಲಿ ಕಳಿಸಿದ್ದೇನೆ. ಟ್ಯಾನ್ಸಿಗೆ ದಿನಕ್ಕೆ ಸ್ವಲ್ಪವೇ ಕೊಡಿ, ಒಟ್ಟಿಗೆ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ಅಂಗೈ ಚಪ್ಪಟೆ ಮಾಡಿ ಕೊಡಿ. ಯುದ್ಧ ಮುಗಿದ ಮೇಲೆ ಅವಳನ್ನು ನನಗೆ ಹಿಂದಕ್ಕೆ ಕೊಡುತ್ತಾರೆಯೇ, ದಯವಿಟ್ಟು ವಿಚಾರಿಸಿ.

ಹೆಸ್ಟರ್ ಕೀರ್ಟನ್


ಮಧ್ಯಪ್ರಾಚ್ಯ
೧೫ ಮಾರ್ಚ್ ೧೯೪೨

ಮಿಸ್ ಕೀರ್ಟನ್ ಅವರಿಗೆ,

ಸೇಬು ತಲುಪಿತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ತೀರಿಸಿದೆವು. ಟ್ಯಾನ್ಸಿ ಚೆನ್ನಾಗಿದ್ದಾಳೆ. ಹಿಂದಕ್ಕೆ ಕೊಡುವ ವಿಷಯ ಈಗಲೇ ಹೇಳಲಾಗದಂತೆ.

ಟ್ಯಾಂಕಿನ ಹುಡುಗರ ಕಥೆ ಕೇಳಿ. ಮೇಜರ್ ಸಾಹೇಬರು ಕುದುರೆ ತಿವಿಯಲು ಬೂಟಿನ ಹಿಮ್ಮಡಿಗೆ ಕಟ್ಟುವ ಮುಳ್ಳನ್ನು ಬಿಚ್ಚುವುದಿಲ್ಲವೆಂದು ಹಟ ಹಿಡಿದು ಅದನ್ನು ಹಾಕಿಕೊಂಡೇ ಟ್ಯಾಂಕು ಇಳಿಯಲು ಹೋದರು. ಮುಳ್ಳು ಬಾಗಿಲಿಗೆ ಸಿಕ್ಕಿ ತಲೆಕೆಳಗಾಗಿ ನೇತಾಡಿದರು. ಒಬ್ಬ ಹುಡುಗ ಇಳಿಜಾರಿನಲ್ಲಿ ಗಾಬರಿಯಾಗಿ ಬ್ರೇಕು ಮರೆತು ಎರಡೂ ಸನ್ನೆಗೋಲು ಹಿಂದಕ್ಕೆ ಜಗ್ಗಿ "ಹೋ, ಹೋ, ನಿಲ್ಲೇ ಕಂದಾ!" ಎಂದು ಕೂಗಿದ. ಅದು ನಿಲ್ಲಲಿಲ್ಲ, ಅಡುಗೆಯ ಡೇರೆಗೆ ನುಗ್ಗಿತು. ಸಂಜೆ ಮೇವಿನ ತುತ್ತೂರಿ ಈಗಲೂ ಊದುತ್ತಾರೆ. ಎಲ್ಲರೂ ಟ್ಯಾಂಕಿಗೆ ಎಣ್ಣೆ ತುಂಬಿ, ಧೂಳು ಒರೆಸಿ, ಆಮೇಲೆಯೇ ತಟ್ಟೆ ಹಿಡಿಯುತ್ತಾರೆ. ಒರೆಸಿದ ಮೇಲೆ ಕೆಲವರು ಅದನ್ನು ಒಮ್ಮೆ ತಟ್ಟುವುದೂ ಉಂಟು. ತಟ್ಟಿದರೆ ಅದು ತಿರುಗಿ ನೋಡುವುದಿಲ್ಲ.

ಇದನ್ನೆಲ್ಲ ನಾನು ದೂರದಿಂದ ನೋಡುತ್ತೇನೆ. ನೀವು ಹೇಗಿದ್ದೀರಿ?

ವಿ. ಟೆನ್ನಂಟ್


ಹೈ ಬಿರ್ಕ್ಸ್
೨೦ ಸೆಪ್ಟೆಂಬರ್ ೧೯೪೨

ಸಾರ್ಜೆಂಟ್ ಟೆನ್ನಂಟ್ ಅವರಿಗೆ,

ಬಹಳ ದಿನ ಬರೆಯಲಿಲ್ಲ. ಒಣಹುಲ್ಲಿನ ಕೆಲಸವಿತ್ತು.

ಟ್ಯಾನ್ಸಿ ಚೆನ್ನಾಗಿರುವಳೆಂದು ನಂಬಿದ್ದೇನೆ. ಅವಳ ಬಗ್ಗೆ ಅಷ್ಟೇನೂ ಬರೆಯಬೇಕಾಗಿಲ್ಲ, ಟ್ಯಾಂಕಿನವರ ಕಥೆ ಬರೆಯಿರಿ. ಆ ಇಳಿಜಾರಿನ ಹುಡುಗನಿಗೆ ಪೆಟ್ಟಾಗಲಿಲ್ಲವಷ್ಟೇ? ಆ ಪೆಟ್ಟಿಗೆಯೊಳಗೆ ಸೆಖೆ ಬಹಳವೇ? ಒಳಗಿನಿಂದ ಹೊರಗೆ ಏನಾದರೂ ಕಾಣುತ್ತದೆಯೇ? ಬೆಂಕಿ ಹತ್ತಿದರೆ ಬೇಗ ಹೊರಬರುವಂತಿದೆಯೇ? ಕೇಳುವುದಕ್ಕಷ್ಟೇ ಕೇಳಿದೆ. ನೀವು ಕುದುರೆಗಳ ಜೊತೆ ಇರುವವರು, ನಿಮಗೆ ಗೊತ್ತಿರಲಿಕ್ಕಿಲ್ಲ.

ಹೆಸ್ಟರ್ ಕೀರ್ಟನ್


ಮಿಲಿಟರಿ ಆಸ್ಪತ್ರೆ, ಲ್ಯಾಂಕಾಶೈರ್
೨೫ ಫೆಬ್ರವರಿ ೧೯೪೩

ಮಿಸ್ ಕೀರ್ಟನ್ ಅವರಿಗೆ,

ಅಕ್ಷರ ನನ್ನದಲ್ಲ, ನರ್ಸ್ ಕೈಯಲ್ಲಿ ಬರೆಸುತ್ತಿದ್ದೇನೆ. ಲಾಯದಲ್ಲಿ ಲಾಟೀನು ಬಿದ್ದು ಹುಲ್ಲಿಗೆ ಬೆಂಕಿ ಹತ್ತಿತು. ಕುದುರೆ ಬಿಡಿಸುವಾಗ ಎರಡು ಕೈಯೂ ಸುಟ್ಟವು. ಎಲ್ಲ ಕುದುರೆಗಳೂ ಹೊರಬಂದವು. ಟ್ಯಾನ್ಸಿ ಚೆನ್ನಾಗಿದ್ದಾಳೆ. ಅವಳನ್ನು ತಿಳಿದವನೊಬ್ಬನ ವಶಕ್ಕೆ ಒಪ್ಪಿಸಿ ಬಂದಿದ್ದೇನೆ.

ಕೈ ಇನ್ನು ಸುತ್ತಿಗೆ ಹಿಡಿಯುವುದಿಲ್ಲವಂತೆ. ದಂಡಿನಿಂದ ಬಿಡುಗಡೆ ಆಯಿತು. ಮಾರ್ಚ್ ಕೊನೆಗೆ ಗ್ಲಾಸ್ಗೋದ ಕಡೆ ಒಂದು ಕಾರ್ಖಾನೆಯ ಗೇಟು ಕಾಯಲು ಹೋಗುತ್ತೇನೆ. ವಿಳಾಸ ಇನ್ನೂ ಇಲ್ಲ. ನಿಮ್ಮ ಕಣಿವೆ ಇಲ್ಲಿಂದ ಬಹಳ ದೂರವೇನಲ್ಲವೆಂದು ಹೇಳಿದರು, ಆದರೂ ಬರಲು ಆಗುವುದಿಲ್ಲ. ಕುದುರೆ ಈಗ ನನ್ನ ಹತ್ತಿರ ಇಲ್ಲದ್ದರಿಂದ ನೀವು ಇನ್ನು ಬರೆಯುವ ಅಗತ್ಯವಿಲ್ಲ. ಇಷ್ಟು ವರ್ಷ ಬರೆದದ್ದಕ್ಕೆ ವಂದನೆ.

ನೀವು ಆರೋಗ್ಯವಾಗಿರಿ.

ವಿಲ್ಫ್ರೆಡ್ ಟೆನ್ನಂಟ್

ಮೇಡಂ, ಇವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಲಾಯದ ವಿಷಯ ನಾನು ಕಾಣೆ, ಈ ವಾರ್ಡಿನಲ್ಲಿರುವವರೆಲ್ಲ ಟ್ಯಾಂಕಿನವರು. ನೀವು ಉತ್ತರ ಬರೆಯುವುದಾದರೆ ಬೇಗ ಬರೆಯಿರಿ. – ನರ್ಸ್ ಓ. ಪ್ಲಂಕೆಟ್


ಹೈ ಬಿರ್ಕ್ಸ್
೨ ಮಾರ್ಚ್ ೧೯೪೩

ವಿಲ್ಫ್ರೆಡ್,

ಬರೆಯುವ ಅಗತ್ಯವಿಲ್ಲವಂತೆ! ನನಗೆ ಯಾವುದು ಅಗತ್ಯ ಎಂದು ಹೇಳಲು ನೀವು ಯಾರು? ಈ ಕಾಗದವನ್ನು ನರ್ಸ್ ಓದಿ ಹೇಳುವುದಾದರೆ ಓದಲಿ. ನನಗೆ ನಾಚಿಕೆಯಿಲ್ಲ.

ಟ್ಯಾನ್ಸಿ ಇಲ್ಲವೆಂದು ನನಗೆ ಗೊತ್ತು, ಹೋದ ಜುಲೈಯಿಂದಲೇ ಗೊತ್ತು. ನೆಡ್ ಐವ್ಸನ್ ಟ್ಯಾಂಕಿನ ತೋಪಿನ ಸದ್ದಿಗೆ ಕಿವಿ ಕಳೆದುಕೊಂಡು ಮನೆಗೆ ಬಂದ. ಕುರಿಸಂತೆಯಲ್ಲಿ ಸಿಕ್ಕಿದಾಗ ಕುದುರೆಗಳು ಹೇಗಿವೆ ಎಂದು ಕೇಳಿದೆ. ತನಗೆ ಕೇಳಿಸದ್ದರಿಂದ ಯಾರಿಗೂ ಕೇಳಿಸುವುದಿಲ್ಲವೆಂದು ತಿಳಿದಿದ್ದಾನೆ ಅವನು, ಇಡೀ ಸಂತೆಗೆ ಕೇಳುವಂತೆ ಕೂಗಿದ. "ಯಾವ್ ಕುದ್ರೆ ಹೆಸ್ಟರ್? ಒಂದೂ ಇಲ್ಲ! ಹೋಗಿ ವರ್ಷ ಆಯ್ತು! ನಿಮ್ ಟ್ಯಾನ್ಸಿನ ಟೆನ್ನಂಟೇ ಕರ್ಕೊಂಡ್ ಹೋದ್ರು, ಬೇರೆ ಯಾರ್ನೂ ಮುಟ್ಟೋಕ್ ಬಿಡ್ಲಿಲ್ಲ! ಗುಂಡು ಹಾಕಿ ಗೊರಸು ತಂದು ಒಪ್ಪಿಸಿದ್ರು, ಈಗ ಅವ್ರೂ ಟ್ಯಾಂಕಲ್ಲೇ ಇದಾರೆ!" ಕುರಿ ಕೊಳ್ಳುವವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ಮನೆಗೆ ಬಂದು ನಿಮ್ಮ ಮೇಲೆ ಬೆಂಕಿಯಂತಾದೆ. ಅವಳನ್ನು ಕೊಂದಿರೆಂದಲ್ಲ. ಗುರುತಿನ ಕೈಯಿಂದಲೇ ಹೋದಳು, ಅದಕ್ಕೆ ನಿಮಗೆ ಜನ್ಮವಿಡೀ ಋಣಿ. ಸಿಟ್ಟು ಬಂದದ್ದು ಬೇರೆಯದಕ್ಕೆ. ಕುದುರೆ ಸತ್ತರೆ ಹೆಸ್ಟರ್ ಬರೆಯುವುದನ್ನು ನಿಲ್ಲಿಸುತ್ತಾಳೆ ಎಂದುಕೊಂಡಿರಲ್ಲ, ನಾನು ಅಷ್ಟು ಕಲ್ಲೇ?

ಮರುದಿನ ನೆಡ್ ಮನೆಗೆ ಬಂದು, ಕೂಗಿದ್ದಕ್ಕೆ ಕ್ಷಮೆ ಕೇಳಿ, ಅದನ್ನೂ ಕೂಗಿಯೇ ಕೇಳಿ, ಇನ್ನೊಂದು ಮಾತು ಹೇಳಿದ. "ಅವರಿಗ್ ಬರೋದೇ ನಿಮ್ದೊಂದು ಕಾಗ್ದ. ಟಪಾಲು ಹಂಚೋ ಹೊತ್ಗೆ ಎದ್ದು ಹೊರಗ್ ಹೋಗ್ಬಿಡ್ತಾರೆ. ಹೆಸರು ಕೂಗಿಲ್ಲ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ." ನಾನು ಇಷ್ಟು ವರ್ಷ ನಿಮಗೆ ರಾಶಿ ರಾಶಿ ಕಾಗದ ಬರುತ್ತವೆಂದು, ಅದರಲ್ಲಿ ಯಾರೋ ಒಬ್ಬಳದು ಇರುತ್ತದೆಂದು, ನಡುವೆ ನಾನು ಯಾಕೆ ಎಂದು ಹಿಂದೆ ಸರಿದುಕೊಂಡೇ ಇದ್ದೆ. ಸತ್ಯ ಬರೆದರೆ ನಾಚಿಕೊಂಡು ನೀವೇ ಬರೆಯುವುದನ್ನು ಬಿಟ್ಟೀರೆಂದು ನಾನೂ ಸೆಪ್ಟೆಂಬರಿನಲ್ಲಿ ಸುಳ್ಳು ಬರೆದೆ. ಇಲ್ಲದ ಕುದುರೆಯ ಬೆನ್ನ ಮೇಲೆ ಇಬ್ಬರೂ ಕೂತಿದ್ದೆವು, ಎಂಥ ಪೆದ್ದುಗಳು ನಾವು.

ಸುಟ್ಟ ಕೈಗೆ ಇಲ್ಲಿ ಕೆಲಸವಿದೆ. ಕುರಿ ಎಣಿಸಲು ಕಣ್ಣು ಸಾಕು, ನಾಯಿಯನ್ನು ಬೈಯಲು ಬಾಯಿ ಸಾಕು. ಲೋಟ ಹಿಡಿಯಲು ಆಗದಿದ್ದರೆ ನಾನು ಹಿಡಿಯುತ್ತೇನೆ. ಗುರುವಾರದ ಬಸ್ಸು ಚರ್ಚಿನ ಎದುರು ನಿಲ್ಲುತ್ತದೆ. ಯಾವ ಗುರುವಾರವೆಂದು ನರ್ಸ್ ಕೈಯಲ್ಲಿ ಬರೆಸಿ. ಬರೆಸದಿದ್ದರೆ ಪ್ರತಿ ಗುರುವಾರವೂ ಹೋಗಿ ನಿಲ್ಲುತ್ತೇನೆ, ಊರವರು ಏನು ಬೇಕಾದರೂ ಅಂದುಕೊಳ್ಳಲಿ.

ನಿನ್ನೆ ನಿಮ್ಮ ಕಾಗದಗಳನ್ನೆಲ್ಲ ತೆಗೆದು ಓದಿದೆ. ಒಂದೊಂದರಲ್ಲೂ ನಾನು ಹೇಗಿದ್ದೇನೆ ಎಂದು ಕೇಳಿದ್ದೀರಿ. ಈ ಕೊನೆಯದೊಂದರಲ್ಲಿ ಮಾತ್ರ ಕೇಳಿಲ್ಲ. ನಾನು ಪ್ರತಿ ಸಲವೂ ಅದಕ್ಕೆ ಮೂಗು, ಗೊರಸು, ಮೇವು ಎಂದು ಉತ್ತರ ಕೊಟ್ಟೆ. ನಾನು ಚೆನ್ನಾಗಿಲ್ಲ ವಿಲ್ಫ್ರೆಡ್, ಈ ಮನೆಯಲ್ಲಿ ದಿನಗಟ್ಟಲೆ ನನ್ನ ದನಿಯೇ ನನಗೆ ಕೇಳಿಸುವುದಿಲ್ಲ. ನಾನು ನಿಮ್ಮನ್ನು ಒಂದು ಸಲವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ನಿಜ ಹೇಳಿ.

ನೀವು ಹೇಗಿದ್ದೀರಿ?

ಹೆಸ್ಟರ್